ನೋಡೋಕೆ ಚೆಂದ, ನಡುಕ ಮಾತ್ರ ಇಲ್ಲ: ಬಂಗಲೆಯ ಮಾಟದ ಚಿತ್ರ ಎಲ್ಲಿ ಜಾರಿತು?

ಗಾರೆನೆಲ

ಈ ಶುಕ್ರವಾರ ಬಿಡುಗಡೆಯಾದ ಬಸವನಗುಡಿ ಬಂಗಲೆಯ ಹಾರರ್ ಚಿತ್ರ ನೋಡಿದವರು ಇಲ್ಲಿ ಬರೆಯಿರಿ. ಹೊಸಬರ ತಂಡ, ಕೈಯಲ್ಲಿದ್ದದ್ದು ಸಣ್ಣ ದುಡ್ಡು. ಹಾಗಾಗಿ ಹೆಸರು ಎತ್ತದೆ ಮಾತಾಡೋಣ. ಚರ್ಚೆ ಬೇಕಿರುವುದು ಕಸುಬಿನ ಬಗ್ಗೆ.

ನೋಡದವರಿಗೆ ಎಳೆ ಇಷ್ಟು: ತಾತ ತೀರಿಕೊಂಡ ಮೇಲೆ ಮೊಮ್ಮಗಳು ಮಂಕಿ ಟಾಪ್ (ಕಿಟಕಿ ಮೇಲಿನ ಚೂಪು ಮರದ ಚಾವಣಿ) ಇರುವ ಹಳೇ ಮನೆಗೆ ಬರುತ್ತಾಳೆ. ಹೊಸ್ತಿಲ ಕೆಳಗೆ ತಾಮ್ರದ ಯಂತ್ರ, ಅಂದರೆ ಮಾಟದ ತಗಡು ಸಿಗುತ್ತದೆ, ಅಟ್ಟದಲ್ಲಿ ಓಲೆಗರಿಯ ಕಟ್ಟು. ತಾತ ಯಾರಿಗೋ ಮಾಟ ಮಾಡಿಸಿದ್ದಾನೆ, ಅದು ಈಗ ಮನೆಗೇ ತಿರುಗಿದೆ. ನಾಲ್ಕು ಮುಖ್ಯ ಪಾತ್ರ, ಒಂದೇ ಮನೆ, 118 ನಿಮಿಷ. ಕಡಿಮೆ ಖರ್ಚಿನ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಎಳೆ ಸಿಗುವುದು ಕಷ್ಟ.

ಮೊದಲ ಇಪ್ಪತ್ತು ನಿಮಿಷ ನಿಜಕ್ಕೂ ಸೊಗಸು. ಕೆಂಪು ಗಾರೆ ನೆಲದ ಮೇಲೆ ಜಾರುವ ಬೆಳಕು, ಉದ್ದ ಪಡಸಾಲೆಯ ಕೊನೆಯಲ್ಲಿ ಅರ್ಧ ತೆರೆದ ಬಾಗಿಲು, ಕಟ್ ಮಾಡದೆ ನಿಲ್ಲುವ ಕ್ಯಾಮೆರಾ. ಆಮೇಲೆ ಬಿಗಿ ಕಳಚಿಹೋಗುತ್ತದೆ. ಕಾರಣ ನನಗೆ ಕಾಣುವುದು ಒಂದೇ: ಚಿತ್ರದ ಮಾಟಕ್ಕೆ ಲೆಕ್ಕವೇ ಇಲ್ಲ. ಅರ್ಧ ಗಂಟೆಗೆ ಮೊಳೆ ಹೊಡೆದ ಗೊಂಬೆ, ಒಂದು ಗಂಟೆಗೆ ರಕ್ತ ಸುರಿಸುವ ನಿಂಬೆಹಣ್ಣು, ಒಂದೂವರೆ ಗಂಟೆಗೆ ಹೋಮ. ಯಂತ್ರ ಏನು ಮಾಡುತ್ತದೆ, ಯಾರು ಮುಟ್ಟಿದರೆ ತಗಲುತ್ತದೆ, ಎಷ್ಟು ದಿನದ ಗಡುವು, ಬಿಡಿಸಿಕೊಳ್ಳಲು ಏನು ತೆರಬೇಕು, ಒಂದನ್ನೂ ಹೇಳುವುದಿಲ್ಲ. ಗಡುವು ಗೊತ್ತಿಲ್ಲದ ಪ್ರೇಕ್ಷಕ ದಿನ ಎಣಿಸುವುದಿಲ್ಲ. ದಿನ ಎಣಿಸದವನಿಗೆ ಹೆದರಿಕೆ ಎಲ್ಲಿಂದ ಬರಬೇಕು?

1957ರ ‘ನೈಟ್ ಆಫ್ ದಿ ಡೀಮನ್’ ಚಿತ್ರದಲ್ಲಿ ಇರುವುದು ಒಂದು ಚೂರು ಕಾಗದ. ಅದರ ಮೇಲೆ ಪ್ರಾಚೀನ ಲಿಪಿ. ಅದು ಯಾರ ಬಳಿ ಇದೆಯೋ ಅವನಿಗೆ ನಿಗದಿಯಾದ ದಿನ ಸಾವು. ಪಾರಾಗಬೇಕಾದರೆ ಕೊಟ್ಟವನಿಗೇ ಅದನ್ನು ವಾಪಸ್ ದಾಟಿಸಬೇಕು. ನಿಯಮ ಎರಡು ಸಾಲು. ಕೊನೆಯಲ್ಲಿ ರೈಲಿನೊಳಗೆ ಇಬ್ಬರು ಒಂದು ಕೋಟಿನ ಸುತ್ತ ಪಡುವ ಪಾಡು ಉಸಿರು ಬಿಗಿಹಿಡಿಸುವುದು ಆ ಎರಡು ಸಾಲಿನಿಂದಲೇ. ಅದಕ್ಕೆ ಎಷ್ಟು ಖರ್ಚು? ಒಂದು ಚೂರು ಕಾಗದ.

ಎರಡನೇಸಾಲು

ಗಾರೆನೆಲ ಅವರೇ, ಇದನ್ನು ಒಪ್ಪೋಕೆ ಆಗಲ್ಲ. ಎಲ್ಲವನ್ನೂ ಬಿಡಿಸಿ ಹೇಳಿದರೆ ಅದು ಪಂಚಾಂಗ ಓದಿದ ಹಾಗಾಗುತ್ತೆ. ಗೊತ್ತಿಲ್ಲದೇ ಇರುವುದರಲ್ಲೇ ಭಯ ಇರುವುದು. ಈ ಚಿತ್ರ ಮೌನ ಇಟ್ಟುಕೊಂಡಿದ್ದನ್ನು ನಾನು ಮೆಚ್ಚುತ್ತೇನೆ. ಪಡಸಾಲೆಯ ಆ ಶಾಟ್ ಒಂದೂವರೆ ನಿಮಿಷ ಇದೆ, ಏನೂ ಆಗಲ್ಲ, ಆದರೂ ಕಣ್ಣು ಕೀಳೋಕೆ ಆಗಲ್ಲ.

ಗಾರೆನೆಲ

ವಿವರಣೆ ಬೇರೆ, ಕಟ್ಟಳೆ ಬೇರೆ. ದೆವ್ವ ಎಲ್ಲಿಂದ ಬಂತು ಎಂದು ಹೇಳಬೇಕಿಲ್ಲ. ಆದರೆ ಹೊಸ್ತಿಲು ದಾಟುತ್ತದೋ ಇಲ್ಲವೋ ಎಂಬುದು ಗೊತ್ತಿರಬೇಕು. ದಾಟುವುದಿಲ್ಲ ಎಂದು ನಂಬಿಸಿ ಆಮೇಲೆ ದಾಟಿಸಿದರೆ ಮೈ ಜುಮ್ ಎನ್ನುತ್ತದೆ. ಇಲ್ಲಿ ಒಂದು ಸಲ ಬಾಗಿಲಲ್ಲೇ ನಿಲ್ಲುತ್ತದೆ, ಇನ್ನೊಂದು ಸಲ ಗೋಡೆ ತೂರಿ ಬರುತ್ತದೆ. ಎರಡಕ್ಕೂ ಕಾರಣವಿಲ್ಲ.

ನಮ್ಮ ಕಡೆಯ ನಂಬಿಕೆಯಲ್ಲೇ ಸಿದ್ಧವಾಗಿರುವ ಕಟ್ಟಳೆ ಇದೆ: ದಿಗ್ಬಂಧನ. ಎಂಟು ದಿಕ್ಕನ್ನೂ ಕಟ್ಟುವುದು. ಚಿತ್ರದಲ್ಲೂ ಅದನ್ನು ಮಾಡುತ್ತಾರೆ, ಮೂಲೆಮೂಲೆಗೆ ಮೊಳೆ ಹೊಡೆದು ಕರಿದಾರ ಎಳೆಯುತ್ತಾರೆ. ಆದರೆ ಕ್ಯಾಮೆರಾ ಮೊಳೆಯ ಹತ್ತಿರದ ಚಿತ್ರ ಬಿಟ್ಟು ಹಿಂದೆ ಬರುವುದೇ ಇಲ್ಲ. ಮನೆಯ ನಕ್ಷೆ ನಮ್ಮ ತಲೆಯಲ್ಲಿ ಕೂರುವುದಿಲ್ಲ. ಈಶಾನ್ಯದ ದಾರ ಹರಿದಾಗ ಅದು ಅಡುಗೆಮನೆಯೋ, ದೇವರಮನೆಯೋ, ಮಗು ಮಲಗಿರುವ ಕೋಣೆಯೋ ತಿಳಿಯದೆ ಹೋದರೆ ಅದು ಹರಿದದ್ದಕ್ಕೆ ಬೆಲೆ ಏನು?

ಇದಕ್ಕೆ ದುಡ್ಡು ಬೇಕಿಲ್ಲ. ಮೊದಲ ಹತ್ತು ನಿಮಿಷದೊಳಗೆ ಮೊಮ್ಮಗಳು ಲಾಂದ್ರ ಹಿಡಿದು ಮನೆಯನ್ನು ಒಂದು ಸುತ್ತು ಬರಲಿ, ಬಾಗಿಲಿನಿಂದ ಬಾಗಿಲಿಗೆ, ಒಂದೇ ದಿಕ್ಕಿನಲ್ಲಿ. ಆಮೇಲೆ ಇಡೀ ಚಿತ್ರದಲ್ಲಿ ಆ ದಿಕ್ಕನ್ನು ಮುರಿಯಬಾರದು. ಚಿತ್ರೀಕರಣಕ್ಕೆ ಮೊದಲು ಮನೆಯ ನಕ್ಷೆಯನ್ನು ಎ3 ಹಾಳೆಯಲ್ಲಿ ಬರೆದು, ಪ್ರತಿ ದೃಶ್ಯದ ಕ್ಯಾಮೆರಾ ಜಾಗವನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿದರೆ ಈ ತಪ್ಪು ಸೆಟ್‌ಗೆ ಹೋಗುವ ಮುಂಚೆಯೇ ಕಾಣುತ್ತದೆ.

ಬೆಳಕುಮಾಪಕ

ದಿಕ್ಕಿನ ಮಾತು ನಿಜ. ಬೆಳಕಿನ ಬಗ್ಗೆ ಒಂದು ದೊಡ್ಡ ತಪ್ಪು ಯಾರೂ ಹೇಳಿಲ್ಲ. ಆ ರಾತ್ರಿ ಅಮಾವಾಸ್ಯೆ ಎಂದು ಸಂಭಾಷಣೆಯಲ್ಲಿ ಮೂರು ಸಲ ಬರುತ್ತದೆ. ಕಿಟಕಿಯಿಂದ ಮಾತ್ರ ನೀಲಿ ಬೆಳದಿಂಗಳು ಸುರಿಯುತ್ತಿದೆ. ಹೊಗೆಯ ನಡುವೆ ಸಲಾಕೆ ಸಲಾಕೆಯಾಗಿ. ಪೋಸ್ಟರ್‌ನಲ್ಲೂ ಅದೇ ಚಿತ್ರ. ಲಕ್ಸ್ ಎಂಬುದು ಬೆಳಕಿನ ಅಳತೆ; ಹುಣ್ಣಿಮೆಯ ಬೆಳಕೇ ಕಾಲು ಲಕ್ಸ್ ಆಸುಪಾಸು. ಅಮಾವಾಸ್ಯೆಗೆ ಅದೂ ಇಲ್ಲ. ಊರಿನ ಮನೆಯಾದರೆ ಕಗ್ಗತ್ತಲು, ಬೆಂಗಳೂರಿನ ಮನೆಯಾದರೆ ಬೀದಿದೀಪ. ಬೀದಿದೀಪದ ಬೆಳಕು ಮೇಲಿನಿಂದ, ಓರೆಯಾಗಿ, ಕಿಟಕಿ ಸರಳಿನ ನೆರಳನ್ನು ನೆಲಕ್ಕೆ ಹಾಕುತ್ತದೆ. ಎದುರು ಮನೆಯ ಮಹಡಿ ಸಿಕ್ಕರೆ ಅಲ್ಲಿಂದ ಒಂದು ಎಲ್‌ಇಡಿ ದೀಪ ಬಿಟ್ಟರೂ ಸಾಕು.

ಒಳಗೆ ಎಣ್ಣೆ ದೀಪಗಳಿಂದಲೇ ಚಿತ್ರೀಕರಿಸಬಹುದಿತ್ತು. ಲೆಕ್ಕ ಹೀಗೆ. ಒಂದು ಮೇಣದಬತ್ತಿಯ ಬೆಳಕು 1 ಮೀಟರ್ ದೂರದಲ್ಲಿ ಸುಮಾರು 1 ಲಕ್ಸ್. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು: ಅರ್ಧ ಮೀಟರ್‌ಗೆ 4 ಲಕ್ಸ್, ಕಾಲು ಮೀಟರ್‌ಗೆ 16 ಲಕ್ಸ್. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 3200, ಎಫ್ (ಲೆನ್ಸಿನ ಕಿಂಡಿಯ ಅಳತೆ) 2, ಶಟರ್ 1/50 ಸೆಕೆಂಡ್ ಇಟ್ಟರೆ ಮಾಮೂಲಿ ಎಕ್ಸ್‌ಪೋಷರ್‌ಗೆ ಬೇಕಾಗುವುದು ಹೆಚ್ಚುಕಡಿಮೆ 16 ಲಕ್ಸ್. ಅಂದರೆ ಮುಖದಿಂದ ಅರ್ಧ ಮೀಟರ್ ದೂರದಲ್ಲಿ ನಾಲ್ಕು ಬತ್ತಿ. ಎರಡೇ ಬತ್ತಿ ಇಟ್ಟರೆ ಒಂದು ಸ್ಟಾಪ್ ಕಡಿಮೆ, ಅಂದರೆ ಬೆಳಕು ಅರ್ಧ, ಹಾರರ್‌ಗೆ ಅದೇ ಚೆನ್ನ. ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 6ಕೆ ಕ್ಯಾಮೆರಾದ ಎರಡನೇ ನೇಟಿವ್ ಐಎಸ್‌ಒ (ಕ್ಯಾಮೆರಾ ಚೊಕ್ಕವಾಗಿ ಕೆಲಸ ಮಾಡುವ ಮೂಲ ಮಟ್ಟ) 3200. ಸೋನಿ ಎಫ್‌ಎಕ್ಸ್3ರಲ್ಲಿ, ಎಸ್-ಲಾಗ್3 ಎಂಬ ದಾಖಲಾತಿ ಬಗೆಗೆ, 12,800. ಹಾಗಾಗಿ ಗ್ರೇನ್ (ಚಿತ್ರದಲ್ಲಿ ಕಾಳುಕಾಳು) ಬರುತ್ತೆ ಎಂಬ ನೆಪ ಈಗ ನಡೆಯುವುದಿಲ್ಲ.

ಎಡವುವುದು ಬೇರೆ ಕಡೆ. ಒಂದು, ಎಫ್ 2ರಲ್ಲಿ ಫೋಕಸ್ ಆಳ ತೀರಾ ಕಡಿಮೆ. ಮಂತ್ರ ಹೇಳುತ್ತಾ ಹಿಂದೆ ಮುಂದೆ ತೂಗುವ ಪಾತ್ರವಾದರೆ ಕಣ್ಣು ಫೋಕಸ್ ಬಿಟ್ಟು ಹೋಗುತ್ತದೆ. ನಟನನ್ನು ಮಣೆಯ ಮೇಲೆ ಕೂರಿಸಿ, ತೂಗುವುದನ್ನು ಬಲ-ಎಡಕ್ಕೆ ಮಾಡಿಸಬೇಕು, ಕ್ಯಾಮೆರಾ ಕಡೆಗಲ್ಲ. ಎರಡು, ದೀಪದ ಬಣ್ಣ ಸುಮಾರು 1,900 ಕೆಲ್ವಿನ್. ಕ್ಯಾಮೆರಾವನ್ನು 3,200ಕ್ಕೆ ಇಟ್ಟರೆ ಮುಖ ಕಿತ್ತಳೆಯಾಗಿ ಚೆನ್ನಾಗಿ ಕಾಣುತ್ತದೆ. 5,600ಕ್ಕೆ ಇಟ್ಟರೆ ಕೆಂಪು ಚಾನೆಲ್ ತುಂಬಿ ಚರ್ಮದ ವಿವರ ಹಾರಿಹೋಗುತ್ತದೆ. ಈ ಚಿತ್ರದ ಹೋಮದ ದೃಶ್ಯದಲ್ಲಿ ಆಗಿರುವುದು ಅದೇ. ಮೂರು, ಮನೆಯ ಎಲ್‌ಇಡಿ ಬಲ್ಬ್. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅಗ್ಗದ ಬಲ್ಬ್ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಸೆಕೆಂಡಿಗೆ 24 ಫ್ರೇಮ್‌ಗೆ 180 ಡಿಗ್ರಿ ಶಟರ್, ಅಂದರೆ 1/48 ಸೆಕೆಂಡ್ ಇಟ್ಟರೆ ಗೋಡೆಯ ಮೇಲೆ ಪಟ್ಟಿ ತೇಲುತ್ತದೆ. 172.8 ಡಿಗ್ರಿ, ಅಂದರೆ 1/50 ಸೆಕೆಂಡ್ ಇಟ್ಟರೆ ನಿಲ್ಲುತ್ತದೆ. ಅಟ್ಟದ ದೃಶ್ಯದಲ್ಲಿ ಆ ಪಟ್ಟಿ ಪೂರಾ ಎರಡು ನಿಮಿಷ ಕಾಣುತ್ತದೆ, ಕೆಲವರು ಅದನ್ನು ಬೇಕಂತಲೇ ಮಾಡಿದ ಎಫೆಕ್ಟ್ ಅಂದುಕೊಂಡಿದ್ದಾರೆ.

ಕೋಟೆಬೀದಿ

ಹೊಗೆ ಬಗ್ಗೆ ಹೇಳಿ ಸರ್. ಒಂದೇ ದೃಶ್ಯದಲ್ಲಿ ಒಂದು ಶಾಟ್‌ಗೆ ದಟ್ಟ ಹೊಗೆ, ಮುಂದಿನದಕ್ಕೆ ಏನೂ ಇಲ್ಲ. ಕಣ್ಣಿಗೆ ಹೊಡೆಯುತ್ತೆ.

ಬೆಳಕುಮಾಪಕ

ಅದು ಸಾಂಬ್ರಾಣಿ ಹೊಗೆಯನ್ನೇ ನಂಬಿಕೊಂಡದ್ದರ ಫಲ. ಕೆಂಡದ ಮೇಲೆ ಸಾಂಬ್ರಾಣಿ ಹಾಕಿದರೆ ಹೊಗೆ ಗುಪ್ಪೆಂದು ಎದ್ದು, ಮೇಲೆ ಹೋಗಿ, ತೆಳುವಾಗುತ್ತದೆ. ಶಾಟ್‌ನಿಂದ ಶಾಟ್‌ಗೆ ಒಂದೇ ಹದ ಹಿಡಿಯುವುದು ಅಸಾಧ್ಯ. ಕೋಣೆಗೆ ತೆಳು ಹೊಗೆಯನ್ನು ಸಮನಾಗಿ ಹರಡುವ ಹೇಜ್ ಮಷೀನ್ ಇಡಬೇಕು, ಫ್ಯಾನ್ ಆರಿಸಬೇಕು, ಕಿಟಕಿ ಬಾಗಿಲು ಮುಚ್ಚಬೇಕು, ಹೊಗೆ ಬಿಟ್ಟ ಮೇಲೆ ಎರಡು ಮೂರು ನಿಮಿಷ ಅದು ಹರಡುವವರೆಗೆ ಕಾಯಬೇಕು. ಸಾಂಬ್ರಾಣಿ ಚೌಕಟ್ಟಿನೊಳಗೆ ಕಾಣುವ ಧೂಪಾರತಿಗಷ್ಟೇ. ಪ್ರತಿ ಟೇಕ್‌ಗೆ ಮುಂಚೆ ಅದೇ ಜಾಗದಲ್ಲಿ ನಿಂತು ಎದುರು ಗೋಡೆಯ ಫೋಟೋ ತೆಗೆದುಕೊಂಡು ಹಿಂದಿನದರ ಜೊತೆ ಹೋಲಿಸಿದರೆ ಹದ ತಪ್ಪುವುದಿಲ್ಲ.

ಬೆಳಕು ಹಿಂದಿನಿಂದ ಅಥವಾ ಪಕ್ಕದಿಂದ ಬಂದರೆ ಹೊಗೆ ಕಾಣುತ್ತದೆ. ಎದುರಿನಿಂದ ಬಂದರೆ ಇಡೀ ಚಿತ್ರ ಹಾಲು ಚೆಲ್ಲಿದ ಹಾಗೆ. ಇನ್ನೊಂದು ಮುಖ್ಯ ವಿಷಯ: ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಗಂಟೆಗಟ್ಟಲೆ ಕೆಲಸ ಮಾಡಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆನೋವು ಶುರುವಾಗುವ ಹೊತ್ತಿಗೆ ತಡವಾಗಿರುತ್ತದೆ. ಡ್ರೈ ಐಸ್‌ದೂ ಅದೇ ಕತೆ, ಅದರ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ನೆಲದ ಮೇಲೆ ಮಲಗಿಸಿದ ನಟರಿಗೆ, ಮಕ್ಕಳಿಗೆ ಅಪಾಯ. ಟೇಕ್ ಮುಗಿದ ತಕ್ಷಣ ಬಾಗಿಲು ತೆಗೆಯಲೇಬೇಕು.

ಕವಡೆ

ನನ್ನ ಆಕ್ಷೇಪ ಸಾಮಾನುಗಳ ಬಗ್ಗೆ. ಕಲಾ ವಿಭಾಗ ಶ್ರಮಪಟ್ಟಿದೆ, ಆದರೆ ಬೇರೆಬೇರೆ ಊರಿನ ನಂಬಿಕೆಗಳನ್ನು ಒಂದೇ ತಟ್ಟೆಗೆ ಸುರಿದಿದೆ. ನೆಲದ ಮೇಲೆ ಐದು ಮೂಲೆಯ ನಕ್ಷತ್ರ, ಸುತ್ತ ಕಪ್ಪು ಮೇಣದಬತ್ತಿ, ಗೋಡೆಗೆ ತುಳುನಾಡಿನ ದೈವದ ಮೊಗ, ಬಾಯಲ್ಲಿ ಕೊಳ್ಳೇಗಾಲ, ಬಾನಾಮತಿ ಎರಡೂ. ದೈವಾರಾಧನೆ ಮಾಟವಲ್ಲ. ಅದು ಊರವರು ಹರಕೆ ಹೊತ್ತು ನಡೆಸುವ ಆರಾಧನೆ; ಮೊಗವನ್ನು ಮಾಂತ್ರಿಕನ ಪೀಠದ ಮೇಲೆ ಇಡುವುದು ತಪ್ಪು ಮಾತ್ರವಲ್ಲ, ನಂಬುವವರಿಗೆ ನೋವು. ಬಾನಾಮತಿ ಎಂಬ ಮಾತು ಬೀದರ್, ಕಲಬುರಗಿ ಕಡೆಯದು. ಹಳೇ ಮೈಸೂರು ಸೀಮೆಯ ತಾತನ ಬಾಯಲ್ಲಿ ‘ಮಾಡಿಸಿದ್ದಾರೆ’, ‘ಇಕ್ಕಿಸಿದ್ದಾರೆ’, ‘ತಡೆ ಒಡೆಸಬೇಕು’ ಬಂದರೆ ಸಾಕು, ಮೈ ತಣ್ಣಗಾಗುತ್ತದೆ. ‘ಮಾಡಿಸಿದ್ದಾರೆ’ ಎಂಬುದರಲ್ಲಿ ಏನನ್ನು ಎಂಬುದೇ ಇಲ್ಲ ನೋಡಿ, ಹೆಸರೆತ್ತಲೂ ಅಂಜುವ ಮಾತು ಅದು. ಬರಹಗಾರರು ಇದನ್ನು ಬಿಟ್ಟು ‘ಕ್ಷುದ್ರಶಕ್ತಿ’ ಎಂದು ಭಾಷಣ ಮಾಡಿಸಿದ್ದಾರೆ.

ಓಲೆಗರಿ ಅಂತೂ ಎ4 ಅಳತೆಯ ಟೀ ಬಣ್ಣದ ಹಾಳೆ. ನಿಜವಾದ ಗರಿ ಉದ್ದ, ಕಿರಿದು. ತೂತಿನಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಪಟ್ಟಿ ಇಟ್ಟು ಕಟ್ಟಿರುತ್ತಾರೆ. ಅಕ್ಷರ ಶಾಯಿಯಿಂದ ಬರೆದದ್ದಲ್ಲ, ಚೂಪಾದ ಕಬ್ಬಿಣದ ಕಡ್ಡಿಯಿಂದ ಕೊರೆದದ್ದು. ಕೊರೆದ ಮೇಲೆ ಮಸಿ ಸವರಿ ಒರೆಸಿದಾಗ ಗೀರಿನಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಅಗ್ಗವಾಗಿ ಮಾಡುವುದು ಹೇಗೆ ಎಂದರೆ: ದಪ್ಪ ಐವರಿ ಕಾರ್ಡ್ ಹಾಳೆಯನ್ನು 35 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ತೆಳು ಡಿಕಾಕ್ಷನ್‌ನಲ್ಲಿ ಅದ್ದಿ ಭಾರದ ಕೆಳಗೆ ಒಣಗಿಸಿ, ದಬ್ಬಣದಿಂದ ಅಕ್ಷರ ಕೊರೆದು, ದೀಪದ ಮಸಿಯನ್ನು ಎರಡು ಹನಿ ಎಳ್ಳೆಣ್ಣೆಯಲ್ಲಿ ಕಲಸಿ ಸವರಿ, ಹತ್ತಿಬಟ್ಟೆಯಿಂದ ಒರೆಸಬೇಕು. ಎಣ್ಣೆ ಹೆಚ್ಚಾದರೆ ಹಾಳೆ ಪಾರದರ್ಶಕವಾಗಿ ನಕಲಿ ಎಂದು ಗೊತ್ತಾಗುತ್ತದೆ. ಸಾಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಿಡುವಿಲ್ಲದೆ ಓಡಬೇಕು, ಶೀರ್ಷಿಕೆ ಬೇಡ. ಮಲೆನಾಡು, ಕರಾವಳಿಯ ಮೂಲದ ಕುಟುಂಬವಾದರೆ ತಿಗಳಾರಿ ಲಿಪಿ ಬಳಸಬಹುದಿತ್ತು. ಆಗ ಮೊಮ್ಮಗಳಿಗೆ ಓದಲು ಬರುವುದಿಲ್ಲ, ಓದಬಲ್ಲವರನ್ನು ಹುಡುಕಿಕೊಂಡು ಹೋಗಬೇಕು, ಓದುವವರು ಅರ್ಧ ಓದಿ ಕಟ್ಟನ್ನು ಮುಚ್ಚಿ ವಾಪಸ್ ಕೊಡುತ್ತಾರೆ. ಕತೆಗೆ ಒಂದು ಮೆಟ್ಟಿಲು ಪುಕ್ಕಟೆ ಸಿಗುತ್ತಿತ್ತು.

ತಾಮ್ರದ ಯಂತ್ರ ನೆಲದಡಿಯಿಂದ ತೆಗೆದಾಗ ಹೊಳೆಯುತ್ತಿದೆ! ಚಿಕ್ಕಪೇಟೆ ಸುತ್ತಿನ ತಾಮ್ರ-ಹಿತ್ತಾಳೆ ಅಂಗಡಿಯಲ್ಲಿ ತಂದ ತಗಡನ್ನು ಮೊದಲು ಹುಣಸೆಹಣ್ಣಿನಿಂದ ತಿಕ್ಕಿ ಕೊಳೆ ತೆಗೆಯಬೇಕು. ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ, ತಗಡಿನ ಜೊತೆ ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಗಂಧಕದ ಆವಿಯಿಂದ ಕಂದು-ಕಪ್ಪಾಗುತ್ತದೆ. ಹಸಿರು ಕಿಲುಬು ಬೇಕಾದರೆ ವಿನೆಗರ್, ಉಪ್ಪು ಚಿಮುಕಿಸಿ ಒಂದೆರಡು ದಿನ. ಆ ಹಸಿರು ವಿಷ. ನಟರು ಬಾಯಿಗೆ, ಹಣೆಗೆ ಒತ್ತಿಕೊಳ್ಳುವ ದೃಶ್ಯಕ್ಕೆ ಬಣ್ಣ ಬಳಿದ ಇನ್ನೊಂದು ತಗಡು ಇಟ್ಟುಕೊಳ್ಳಬೇಕು.

ಎರಡನೇಸಾಲು

ಕವಡೆ ಮೇಡಂ, ‘ಮಾಡಿಸಿದ್ದಾರೆ’ ಎಂಬ ಮಾತಿಗೆ ನನ್ನದೂ ಒಂದು ಓಟು. ಆದರೆ ನಿಂಬೆಹಣ್ಣಿನ ದೃಶ್ಯ ಚೆನ್ನಾಗಿದೆ ಅಲ್ಲವಾ? ಕೊಯ್ದ ತಕ್ಷಣ ಕೆಂಪು ಇಳಿಯುತ್ತೆ, ಯಾವ ಗ್ರಾಫಿಕ್ಸೂ ಇಲ್ಲ.

ಕವಡೆ

ಚಿತ್ರೀಕರಣ ಚೆನ್ನಾಗಿದೆ, ಆಯ್ಕೆ ತಪ್ಪು. ಚಾಕುವಿಗೆ ಕೆಂಪು ದಾಸವಾಳದ ರಸ ಸವರಿ ಒಣಗಿಸಿ ನಿಂಬೆ ಕೊಯ್ದರೆ ಹುಳಿ ತಾಗಿ ರಸ ಕೆಂಪಾಗುತ್ತದೆ. ಪವಾಡ ಬಯಲು ಕಾರ್ಯಕ್ರಮಗಳಲ್ಲಿ, ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಮಕ್ಕಳೇ ಮಾಡಿ ತೋರಿಸುತ್ತಾರೆ. ಡಾ. ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲೇ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ ಊರು ಇದು. ಆ ಬಂಗಲೆ ಇರುವ ಬಸವನಗುಡಿಯಲ್ಲೇ ಅವರ ನ್ಯಾಷನಲ್ ಕಾಲೇಜು ಇರುವುದು. ಇಲ್ಲಿನ ಪ್ರೇಕ್ಷಕರ ಮುಂದೆ ಕೆಂಪು ನಿಂಬೆಯನ್ನು ಅತೀಂದ್ರಿಯದ ಪುರಾವೆ ಮಾಡಿದರೆ ನಿಲ್ಲುವುದಿಲ್ಲ.

ಅದನ್ನೇ ತಿರುಗಿಸಬಹುದಿತ್ತು. ಮಾಂತ್ರಿಕ ನಿಂಬೆ ಕೊಯ್ಯುತ್ತಾನೆ, ಕೆಂಪು ಬರುತ್ತದೆ, ಮೊಮ್ಮಗಳು ದಾಸವಾಳದ ಗುಟ್ಟನ್ನು ಅಲ್ಲೇ ಬಯಲು ಮಾಡುತ್ತಾಳೆ. ಆತ ತಲೆತಗ್ಗಿಸಿ ಹೋಗುತ್ತಾನೆ. ರಾತ್ರಿ ಅಡುಗೆಮನೆಯಲ್ಲಿ ಅವಳೇ ತೊಳೆದ ಚಾಕುವಿನಿಂದ ಪಾನಕಕ್ಕೆ ನಿಂಬೆ ಕೊಯ್ಯುತ್ತಾಳೆ. ಅಲ್ಲಿ ಕೆಂಪು ಬಂದರೆ ಹೆದರಿಕೆ ಬೇರೆಯೇ ತೂಕದ್ದು. ಸಾಮಾನು ಅದೇ, ಖರ್ಚು ಅದೇ.

ಕೋಟೆಬೀದಿ

ರಕ್ತ ಮಾತ್ರ ಟೊಮೆಟೊ ಸಾಸ್ ತರಹ ಇತ್ತು. ಅದು ಯಾಕೆ ಹಾಗಾಗುತ್ತೆ?

ಮಸಿಬಟ್ಟಲು

ಬಣ್ಣದ ಕೆಲಸ ನನಗೆ ಗೊತ್ತಿರುವುದು, ಹೇಳುತ್ತೇನೆ. ದೀಪದ ಬೆಳಕಿನಲ್ಲಿ ಚರ್ಮವೂ ಕಿತ್ತಳೆ, ರಕ್ತವೂ ಕಿತ್ತಳೆ. ಹಗಲು ಬೆಳಕಿನಲ್ಲಿ ಸರಿಯಾಗಿ ಕಂಡ ಕೆಂಪು ಅಲ್ಲಿ ಸಾಸ್ ಆಗುತ್ತದೆ. ದೀಪದ ದೃಶ್ಯಕ್ಕೆ ರಕ್ತವನ್ನು ಎರಡು ಪಟ್ಟು ಕಪ್ಪಾಗಿ ಕಲಸಬೇಕು. ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ ಅರ್ಧ ಕೆಜಿ, ಉಗುರುಬೆಚ್ಚಗಿನ ನೀರು 120 ಮಿ.ಲೀ., ಕೆಂಪು ಫುಡ್ ಕಲರ್ 2 ಟೀ ಚಮಚ, ಕೋಕೋ ಪುಡಿ 1 ದೊಡ್ಡ ಚಮಚ, ನೀಲಿ ಫುಡ್ ಕಲರ್ 3 ಹನಿ. ಕೋಕೋವನ್ನು ಮೊದಲು ಸ್ವಲ್ಪ ಬಿಸಿನೀರಲ್ಲಿ ಕಲಸಿಕೊಳ್ಳದಿದ್ದರೆ ಗಂಟು ಉಳಿಯುತ್ತದೆ. ದೀಪದ ಬೆಳಕಿಗೆ ಇನ್ನೊಂದು ಚಮಚ ಕೋಕೋ, ಇನ್ನೆರಡು ಹನಿ ನೀಲಿ. ಅದೇ ಕ್ಯಾಮೆರಾ, ಅದೇ ಬೆಳಕಿನಲ್ಲಿ ನಟರ ಕೈಯ ಮೇಲೆ ಸವರಿ ನೋಡದೆ ಬಾಟಲಿ ತುಂಬಬಾರದು. ಸಿಹಿ ಇರುವುದರಿಂದ ಇರುವೆ ಗ್ಯಾರಂಟಿ, ಗಾರೆ ನೆಲದ ಮೇಲೆ ಕಲೆಯೂ ಕೂರುತ್ತದೆ. ಬಾಡಿಗೆ ಮನೆಯಾದರೆ ನೆಲಕ್ಕೆ ಮೊದಲು ಮೇಣದ ಪಾಲಿಶ್ ಕೊಡಬೇಕು.

ತಟ್ಟೆಯಲ್ಲಿ, ಬಿಂದಿಗೆಯಲ್ಲಿ ತುಂಬಿಡುವ ‘ರಕ್ತ’ಕ್ಕೆ ಓಕುಳಿ ನೀರೇ ಸಾಕು. ಒಂದು ಲೀಟರ್ ನೀರಿಗೆ ಎರಡು ಚಮಚ ಅರಿಶಿನ, ಕಾಲು ಚಮಚ ಸುಣ್ಣ. ಬಟ್ಟೆಗೆ, ಮೈಗೆ ಬೇಡ: ಸುಣ್ಣ ಚರ್ಮವನ್ನು ಉರಿಸುತ್ತದೆ, ಹುಳಿ ತಗುಲಿದರೆ ಕೆಂಪು ಹೋಗಿ ಮತ್ತೆ ಹಳದಿಯಾಗುತ್ತದೆ. ಆರತಿ ತಟ್ಟೆಯ ಕೆಂಪುನೀರು ಎಲ್ಲರಿಗೂ ಶುಭದ ನೆನಪು. ಅದೇ ನೀರು ಎಲ್ಲರ ಕಣ್ಣೆದುರು ತಟ್ಟೆಯಲ್ಲೇ ನಿಧಾನವಾಗಿ ಹಳದಿಗೆ ತಿರುಗುವ ಶಾಟ್ ಒಂದೂ ಚಿತ್ರದಲ್ಲಿ ಇಲ್ಲದಿರುವುದು ನನಗೆ ಬೇಸರ.

ಮೌನಮೈಕು

ಎಲ್ಲರೂ ಕಣ್ಣಿನ ಮಾತೇ ಆಡುತ್ತಿದ್ದೀರಿ. ಈ ಚಿತ್ರವನ್ನು ಕೆಡಿಸಿರುವುದು ಕಿವಿ. ನಾನು ಎಣಿಸಿದಷ್ಟು, ಮೊದಲಾರ್ಧದಲ್ಲೇ ಹದಿನೇಳು ಸಲ ಧಡ್ ಎಂಬ ಸದ್ದು. ಬೆಕ್ಕಿಗೂ ಅದೇ ಸದ್ದು, ಕನ್ನಡಿಗೂ ಅದೇ ಸದ್ದು, ನಿಜವಾದ ದೆವ್ವಕ್ಕೂ ಅದೇ. ಮೂರನೆಯದರ ಹೊತ್ತಿಗೆ ಕಿವಿ ಕಲಿತುಬಿಡುತ್ತದೆ.

ಬೆಚ್ಚಿಬೀಳಿಸುವ ಸದ್ದಿಗಿಂತ ಅದರ ಹಿಂದಿನ ಮೌನ ಮುಖ್ಯ. ಮೌನ ಎಂದರೆ ಟ್ರ್ಯಾಕ್ ಖಾಲಿ ಬಿಡುವುದಲ್ಲ, ಖಾಲಿ ಬಿಟ್ಟರೆ ಸ್ಪೀಕರ್ ಕೆಟ್ಟಿದೆ ಅನಿಸುತ್ತದೆ. ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ನಿಲ್ಲಿಸಿ, ಫ್ರಿಜ್ ಆರಿಸಿ, 60 ಸೆಕೆಂಡ್ ಬರೀ ಕೋಣೆಯ ಸದ್ದು ದಾಖಲಿಸಿಕೊಳ್ಳಬೇಕು. ಹೆದರಿಸುವ ಕ್ಷಣಕ್ಕೆ ಹತ್ತು ಸೆಕೆಂಡ್ ಮುಂಚೆ ಆ ಸದ್ದಿನಿಂದ ಒಂದೊಂದೇ ಪದರ ತೆಗೆಯುತ್ತಾ ಬರಬೇಕು: ಮೊದಲು ರಸ್ತೆ, ಆಮೇಲೆ ನಾಯಿ, ಆಮೇಲೆ ಜೀರುಂಡೆ, ಕೊನೆಗೆ ಗಡಿಯಾರ. ಪ್ರೇಕ್ಷಕನಿಗೆ ಏನಾಯಿತೆಂದು ತಿಳಿಯುವುದಿಲ್ಲ, ಮೈ ಮಾತ್ರ ಎಚ್ಚರಗೊಳ್ಳುತ್ತದೆ.

ಬಳಸಿರುವ ರಾತ್ರಿಯ ಸದ್ದು ಬೇರೆ ದೇಶದ ಲೈಬ್ರರಿಯದು. ಬಸವನಗುಡಿಯಲ್ಲಿ ತೋಳ ಊಳಿಡುತ್ತದೆ! ಬೆಂಗಳೂರಿನ ರಾತ್ರಿಗೆ ತನ್ನದೇ ಸದ್ದುಗಳಿವೆ: ಕತ್ತಲಲ್ಲಿ ಹಾರುತ್ತಾ ಕೂಗುವ ಟಿಟ್ಟಿಭ, ಹಾಲಕ್ಕಿ, ದೂರದ ರೈಲು, ಟ್ಯಾಂಕ್ ತುಂಬಿ ಹರಿಯುವ ನೀರು. ಬೆಳಗಿನ ಜಾವ ಬುಡುಬುಡಿಕೆಯ ಸದ್ದು ಗಲ್ಲಿಯ ಆ ತುದಿಯಿಂದ ಹತ್ತಿರವಾಗುತ್ತಾ ಬಂದು ಮನೆಯ ಮುಂದೆ ನಿಂತುಬಿಟ್ಟರೆ ಇಪ್ಪತ್ತು ಪಿಟೀಲು ಬೇಕಾಗಿಲ್ಲ.

ಮಂತ್ರದ ಧ್ವನಿಯನ್ನು ಹಿಂದುಮುಂದಾಗಿ ಓಡಿಸಿ, ಎಕೋ ಕೊಟ್ಟು, ಮಾತೇ ಅರ್ಥವಾಗದಂತೆ ಮಾಡಿದ್ದಾರೆ. ಗಾರೆನೆಲ ಅವರು ಹೇಳಿದ ಕಟ್ಟಳೆಯ ಅರ್ಧ ಭಾಗ ಇಲ್ಲೇ ಕಳೆದುಹೋಗಿರುವುದು. ಮಂತ್ರದಲ್ಲಿ ಸತ್ತವನ ಹೆಸರು ಬರುತ್ತದೆ, ಉಪಶೀರ್ಷಿಕೆ ಓದಿದವರಿಗೆ ಮಾತ್ರ ಗೊತ್ತು. ಪಿಸುಮಾತನ್ನು ಬಾಯಿಂದ ಒಂದು ಗೇಣು ದೂರದ ಮೈಕಿನಲ್ಲಿ, ಎಕೋ ಇಲ್ಲದೆ, ಒಣದಾಗಿ ದಾಖಲಿಸಿದರೆ ಕಿವಿಯ ಪಕ್ಕದಲ್ಲೇ ಯಾರೋ ನಿಂತ ಹಾಗಾಗುತ್ತದೆ.

ಮಿಕ್ಸ್ ಬಗ್ಗೆ ಒಂದು ಮಾತು. 30-40 ಹರ್ಟ್ಸ್‌ನ ಗುಡುಗನ್ನೇ ನೆಚ್ಚಿಕೊಂಡ ದೃಶ್ಯಗಳು ಫೋನಿನಲ್ಲಿ ಸತ್ತುಹೋಗುತ್ತವೆ, ಅಷ್ಟು ಕೆಳಗಿನ ಸದ್ದು ಆ ಸ್ಪೀಕರಿನಿಂದ ಹೊರಡುವುದೇ ಇಲ್ಲ. ಅದರ ಮೇಲೆ 200-400 ಹರ್ಟ್ಸ್‌ನಲ್ಲಿ ಒಂದು ಪದರ ಸೇರಿಸಬೇಕು, ಮರದ ಕಿರುಗುಟ್ಟುವಿಕೆಯೋ, ಉಸಿರೋ. ಚಿತ್ರಮಂದಿರದ ಮಿಕ್ಸನ್ನೇ ಎಲ್ಲ ಕಡೆ ಕೊಡುವುದೂ ತಪ್ಪು. ನೆಟ್‌ಫ್ಲಿಕ್ಸ್ ಕೇಳುವುದು ಸಂಭಾಷಣೆಯ ಮಟ್ಟ ಮೈನಸ್ 27 ಎಲ್‌ಕೆಎಫ್‌ಎಸ್ (ಸದ್ದಿನ ಜೋರಿನ ಅಳತೆ), ಯೂಟ್ಯೂಬ್ ಮೈನಸ್ 14ಕ್ಕಿಂತ ಜೋರಿದ್ದರೆ ತಾನೇ ತಗ್ಗಿಸುತ್ತದೆ.

ಬೆಳಕುಮಾಪಕ

ಅದೇ ಸಮಸ್ಯೆ ಚಿತ್ರದ ಕಪ್ಪಿನಲ್ಲೂ ಇದೆ. ಟ್ರೇಲರ್ ಫೋನಿನಲ್ಲಿ ಅದ್ಭುತ, ಥಿಯೇಟರಿನಲ್ಲಿ ಅರ್ಧ ಚಿತ್ರ ಕಾಣುವುದೇ ಇಲ್ಲ. ಚಿತ್ರಮಂದಿರದ ಪರದೆಯ ಬಿಳಿ 48 ನಿಟ್ಸ್‌ನ (ಪರದೆಯ ಹೊಳಪಿನ ಅಳತೆ) ಲೆಕ್ಕ. ಫೋನು ಅದರ ಹತ್ತು ಪಟ್ಟು ಮೀರುತ್ತದೆ. ಬೆಳಕಿರುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಗ್ರೇಡ್ ಮಾಡಿದರೆ, ಅಂದರೆ ಬಣ್ಣ-ಬೆಳಕು ತಿದ್ದಿದರೆ, ಹೀಗೇ ಆಗುವುದು. ಕತ್ತಲೆ ಕೋಣೆ, 100 ನಿಟ್ಸ್‌ಗೆ ಹೊಂದಿಸಿದ ಮಾನಿಟರ್, ಮುಖದ ಬೆಳಕಿನ ಭಾಗ ವೇವ್‌ಫಾರ್ಮ್‌ನಲ್ಲಿ (ಚಿತ್ರದ ಬೆಳಕನ್ನು 0ರಿಂದ 100ರವರೆಗೆ ತೋರಿಸುವ ನಕ್ಷೆ) 20ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು. ಡಿಸಿಪಿ (ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿ) ಮಾಡಿಸಿದ ಮೇಲೆ ಒಳ್ಳೆಯ ಮಲ್ಟಿಪ್ಲೆಕ್ಸ್‌ನಲ್ಲಲ್ಲ, ಹಳೇ ಲ್ಯಾಂಪ್ ಇರುವ ಸಿಂಗಲ್ ಸ್ಕ್ರೀನ್‌ನಲ್ಲಿ ಐದು ನಿಮಿಷದ ತುಣುಕು ಹಾಕಿ ನೋಡಬೇಕು.

ಕೋಟೆಬೀದಿ

ಕೋಳಿ ಬಲಿ ದೃಶ್ಯ ಕತ್ತರಿಸಿದ್ದಾರೆ ಅನ್ನುವುದು ಗೊತ್ತಾಗುತ್ತೆ, ಸೀನ್ ಹಾರಿಹೋಗುತ್ತೆ. ಅದಕ್ಕೆ ಮೊದಲೇ ದಾರಿ ಇಲ್ಲವಾ?

ಮಸಿಬಟ್ಟಲು

ಇದೆ, ಆದರೆ ಚಿತ್ರೀಕರಣಕ್ಕೆ ಮುಂಚೆ. ಪ್ರಾಣಿ ಬಳಸುವುದಾದರೆ 2001ರ ನಿಯಮಗಳ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಗೆ ಮೊದಲೇ ಅರ್ಜಿ ಹಾಕಬೇಕು, ಆಮೇಲೆ ಸೆನ್ಸಾರ್‌ಗೆ ಹೋಗುವಾಗ ಮಂಡಳಿಯ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ಲದೆ ಹೋದರೆ ದೃಶ್ಯ ಕತ್ತರಿ ಪಾಲು. ಗೂಬೆ, ಉಡ ಎರಡೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಅವುಗಳ ಅಂಗ, ಚರ್ಮ ಎಂದು ಯಾರಾದರೂ ಮಾರಲು ಬಂದರೆ ಸೆಟ್ ಹತ್ತಿರಕ್ಕೂ ಸೇರಿಸಬಾರದು. ತಲೆಬುರುಡೆ ರೆಸಿನ್‌ನದೇ ಇರಲಿ.

ಇನ್ನೊಂದು. ರಾಜ್ಯದ ವಾಮಾಚಾರ ತಡೆ ಕಾಯ್ದೆ 2017ರದು, 2020ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಹೆಸರಿಸಿರುವ ಆಚರಣೆಗಳನ್ನು ಮಾಡುವುದಷ್ಟೇ ಅಲ್ಲ, ಪ್ರಚಾರ ಮಾಡುವುದೂ ಅಪರಾಧ. ಆದ್ದರಿಂದ ಪ್ರಚಾರಕ್ಕೆಂದು ‘ನಿಜವಾದ ಮಾಂತ್ರಿಕ’ನನ್ನು ಕರೆಸಿ ವಿಡಿಯೊ ಮಾಡುವ ಯೋಚನೆ ಬೇಡ. ಸರ್ಟಿಫಿಕೇಟ್‌ನಲ್ಲೂ ಈಗ ಯುಎ 7+, 13+, 16+ ಎಂಬ ವಿಂಗಡಣೆ ಇದೆ. ಬಲಿಯನ್ನು ಶಬ್ದದಲ್ಲಿ, ನೆರಳಿನಲ್ಲಿ ಮುಗಿಸಿದರೆ 16+ ಸಿಗುವ ಸಾಧ್ಯತೆ ಹೆಚ್ಚು, ಮುಂದೆ ಟಿವಿ ಹಕ್ಕು ಮಾರುವಾಗಲೂ ತೊಡಕು ಕಡಿಮೆ. ಶಬ್ದಕ್ಕೆ ಒದ್ದೆ ಟವೆಲ್ ಹಿಂಡುವುದು, ಕಬ್ಬು ಮುರಿಯುವುದು ಸಾಕು.

ಎರಡನೇಸಾಲು

ಸರಿ, ಒಂದಷ್ಟು ಒಪ್ಪಿದೆ. ಆದರೆ ಈಗ ಕೈಯಲ್ಲಿರುವ ಫುಟೇಜ್‌ನಿಂದಲೇ ಒಟಿಟಿಗೆ ಇನ್ನೊಂದು ಆವೃತ್ತಿ ಮಾಡೋಕೆ ಆಗಲ್ವಾ? ಹೊಸ ಶೂಟಿಂಗ್‌ಗೆ ಅವರ ಹತ್ತಿರ ದುಡ್ಡು ಇರಲ್ಲ.

ಗಾರೆನೆಲ

ಆಗುತ್ತದೆ ಎಂದೇ ನನ್ನ ಅನಿಸಿಕೆ. 118ರಿಂದ 92 ನಿಮಿಷಕ್ಕೆ ಇಳಿಸಬೇಕು. ಡ್ರೋನ್ ಶಾಟ್‌ಗಳು, ಪೊಲೀಸ್ ಅಧಿಕಾರಿಯ ಉಪಕತೆ, ಮಧ್ಯದ ಹಾಡು ಹೋದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಪಡಸಾಲೆಯ ಒಂದೂವರೆ ನಿಮಿಷ ಮುಟ್ಟಬಾರದು, ಅದು ನಿಮ್ಮ ಮಾತಿನಂತೆ ಚಿತ್ರದ ಜೀವ.

ಕಟ್ಟಳೆಯನ್ನು ಡಬ್ಬಿಂಗ್‌ನಲ್ಲಿ ತರಬಹುದು. ಓಲೆಗರಿ ಓದುವ ದೃಶ್ಯದಲ್ಲಿ ಮೊಮ್ಮಗಳ ಬೆನ್ನು ಕ್ಯಾಮೆರಾಕ್ಕಿದೆ, ತುಟಿ ಕಾಣುವುದಿಲ್ಲ. ಅಲ್ಲಿ ನಾಲ್ಕು ವಾಕ್ಯ ಕೂರಿಸಿದರೆ ಸಾಕು: ಯಂತ್ರ ಕಿತ್ತವರ ಮೇಲೆ ಋಣ, ಗಡುವು ಮುಂದಿನ ಅಮಾವಾಸ್ಯೆ, ದೆವ್ವ ಹೊಸ್ತಿಲು ದಾಟಬೇಕಾದರೆ ಒಳಗಿನವರು ‘ಬಾ’ ಎಂದು ಕರೆಯಬೇಕು, ಬಿಡುಗಡೆ ಬೇಕಾದರೆ ಮನೆಯವರಲ್ಲೇ ಒಬ್ಬರು ಅದನ್ನು ಒಪ್ಪಿ ಕೈನೀಡಿ ತೆಗೆದುಕೊಳ್ಳಬೇಕು. ಈಗಿರುವ ದೃಶ್ಯಗಳಲ್ಲಿ ಕೆಲಸದಾಕೆ ಮಧ್ಯಾಹ್ನ ಬಾಗಿಲು ಬಡಿದಾಗ ಮೊಮ್ಮಗಳು ತಿರುಗಿ ನೋಡದೆ ‘ಬಾ ಒಳಗೆ’ ಅನ್ನುತ್ತಾಳೆ. ಈಗ ಆ ಮಾತಿಗೆ ಯಾವ ಬೆಲೆಯೂ ಇಲ್ಲ. ಓಲೆಗರಿಯ ದೃಶ್ಯ ಇದಕ್ಕಿಂತ ಮುಂಚೆ ಬಂದರೆ ಅದೇ ಚಿತ್ರದ ಅತಿ ಭಯಂಕರ ಕ್ಷಣ.

ಮೌನಮೈಕು

ಹಾಗಾದರೆ ಆ ಬಡಿತವನ್ನು ಮತ್ತೆ ದಾಖಲಿಸಬೇಕು. ಈಗ ಇರುವುದು ಫ್ಲಶ್ ಡೋರಿನ ಪೊಳ್ಳು ಸದ್ದು. ಹಳೇ ತೇಗದ ಬಾಗಿಲಿಗೆ ಬೆರಳ ಗೆಣ್ಣಿನಿಂದ, ಕೆಳಗಿನ ಹಲಗೆಗೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ ಬಡಿದು ದಾಖಲಿಸಲಿ. ನಿಂತ ಮನುಷ್ಯರು ಯಾರೂ ಅಷ್ಟು ಕೆಳಗೆ ಬಡಿಯುವುದಿಲ್ಲ.